ಷಡ್ಡಕನ ಹಸಿರು ಬಟನ್

ಕೃಷ್ಣಕುಮಾರನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಒಂದು 'ಟಿಣ್' ಶಬ್ದದಿಂದ.

ಹೋದ ಭಾನುವಾರ ಗೂಳೂರಿನ ಅತ್ತೆ ಮನೆಯಲ್ಲಿ ಊಟ. ಗುಬ್ಬಿಯ ಕೃಷ್ಣಕುಮಾರ ಹಿರಿಯಳಿಯ. ಅವನ ಪಕ್ಕದಲ್ಲಿ ಕೂತವನು ಅವನ ಹೆಂಡತಿಯ ತಂಗಿಯ ಗಂಡ, ಅಂದರೆ ಷಡ್ಡಕ, ಕುಣಿಗಲ್ಲಿನ ರಂಗರಾಜು. ಇಬ್ಬರದೂ ಕಾಂಡಿಮೆಂಟ್ಸ್ ಅಂಗಡಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು. ಮಾಡುವವರು ಅಕ್ಕತಂಗಿಯರಾದ್ದರಿಂದ ಕೈರುಚಿಯೂ ಒಂದೇ, ಅದು ಅತ್ತೆ ಚಿಕ್ಕಗಂಗಮ್ಮನಿಂದ ಬಂದದ್ದು. ಇಷ್ಟೆಲ್ಲ ಒಂದೇ ಆಗಿದ್ದರೂ ರಂಗರಾಜುವಿನ ಜೇಬು ಮಾತ್ರ ಊಟದುದ್ದಕ್ಕೂ ಟಿಣ್, ಟಿಣ್ ಅನ್ನುತ್ತಿತ್ತು.

"ಅದೇನಪ್ಪಾ ರಂಗ, ಜೇಬಲ್ಲಿ ಗಂಟೆ ಇಟ್ಕೊಂಡಿದೀಯಾ?" ಎಂದರು ಚಿಕ್ಕಗಂಗಮ್ಮ.

"ಆರ್ಡರ್ ಬರ್ತಾ ಇದಾವೆ ಅತ್ತೆ. ನಮ್ಮ ಫೇಸ್‌ಬುಕ್ ಪೇಜನ್ನ ವಾಟ್ಸಾಪ್ ಬಿಸಿನೆಸ್‌ಗೆ ಲಿಂಕ್ ಮಾಡ್ಬಿಟ್ಟಿದೀನಿ. ಜನ ಚಕ್ಕುಲಿ ಫೋಟೋ ನೋಡ್ತಾರೆ, ಕೆಳಗೆ ಹಸಿರು ಬಟನ್ ಇರುತ್ತೆ, ಒತ್ತಿದ್ರೆ ಸೀದಾ ನನ್ನ ಜೇಬಿಗೆ."

ಚಿಕ್ಕಗಂಗಮ್ಮನಿಗೆ ಲಿಂಕೂ ತಿಳಿಯದು, ಬಟನ್ನೂ ತಿಳಿಯದು. ಆದರೆ ತುಪ್ಪದ ಮಿಳ್ಳೆ ರಂಗರಾಜುವಿನ ಮುದ್ದೆಯ ಮೇಲೆ ಎರಡು ಸಲ ಬಗ್ಗಿತು. ಹಿರಿಯಳಿಯನ ಎಲೆಗೆ ಬರುವಷ್ಟರಲ್ಲಿ ತುಪ್ಪ ಮುಗಿದಿತ್ತು.

ಅಂದಿನಿಂದ ಕೃಷ್ಣಕುಮಾರನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಅಂಗಡಿಯ ಮುಂದೆ ಸೈಕಲ್ ಬೆಲ್ಲು ಬಾರಿಸಿದರೂ ರಂಗರಾಜುವಿಗೆ ಇನ್ನೊಂದು ಆರ್ಡರ್ ಬಂತೇನೋ ಎನ್ನಿಸುತ್ತಿತ್ತು. ಹೆಂಡತಿ ಪ್ರೇಮಲತಾ, "ನಮ್ಮ ಅಂಗಡಿಗೂ ಫೇಸ್‌ಬುಕ್ ಪೇಜ್ ಇದೆಯಲ್ಲ, ನೀವೂ ಒಂದು ಲಿಂಕ್ ಮಾಡಿಸ್ಕೊಳಿ. ರಂಗರಾಜು ಅವ್ರನ್ನೇ ಕೇಳಿದ್ರೆ ಹೇಳ್ಕೊಡ್ತಾರೆ" ಎಂದಳು.

"ಅವ್ನ ಹತ್ರ ಪಾಠ ಹೇಳಿಸ್ಕೊಳೋಕೆ ನಾನೇನು ಬಾಲವಾಡಿ ಮಗುವೇನೇ?" ಎಂದು ಕೃಷ್ಣಕುಮಾರ ಗುಡುಗಿದ. ಶುಕ್ರವಾರ ಬೆಳಿಗ್ಗೆ ಅಂಗಡಿಯನ್ನು ಅವಳಿಗೆ ಬಿಟ್ಟು ಬಸ್‌ಸ್ಟ್ಯಾಂಡ್ ಪಕ್ಕದ ಗುರುಪ್ರಕಾಶನ ಮೊಬೈಲ್ ಅಂಗಡಿಗೆ ಹೋದ.

ಗುರುಪ್ರಕಾಶ ಹೊಸ ಸಿಮ್ ಹಾಕಿ, ವಾಟ್ಸಾಪ್ ಬಿಸಿನೆಸ್ ಇಳಿಸಿಕೊಟ್ಟ. "ಏನಾದ್ರೂ ಒಂದು ಹೆಸ್ರು ಹಾಕ್ಕೊಂಡು ಕೂತಿರಿ ಅಣ್ಣ. ಜೆರಾಕ್ಸ್‌ನವ್ರು ನಿಂತವ್ರೆ. ಕಳ್ಸಿ ಬಂದು ನಿಮ್ಮ ಪೇಜಿಗೆ ಲಿಂಕ್ ಮಾಡ್ಕೊಡ್ತೀನಿ."

ಖಾಲಿ ಕೂತವನ ಕೈ ಸುಮ್ಮನಿರುತ್ತದೆಯೇ? ಕೃಷ್ಣಕುಮಾರ ಮೊದಲು ನೋಡಿದ್ದೇ ರಂಗರಾಜುವಿನ ಪೇಜು. ಅಲ್ಲಿ ಚಕ್ಕುಲಿಗಳು ಮದುವೆ ಹೆಣ್ಣಿನ ಹಾಗೆ ಮಿಂಚುತ್ತಿದ್ದವು. ಕೆಳಗೆ ಅದೇ ಹಸಿರು ಬಟನ್. ಅವನ ಹೆಬ್ಬೆರಳು ತಡೆಯಲಾರದೆ ಒತ್ತಿಯೇಬಿಟ್ಟಿತು. ಹೊಸ ನಂಬರು, ತಾನ್ಯಾರೆಂದು ರಂಗರಾಜುವಿಗೆ ಗೊತ್ತಾಗುವಂತಿಲ್ಲ. ಈ ವಿಚಾರ ಹೊಳೆದದ್ದೇ ತಡ, ಐದು ದಿನದ ಸಂಕಟಕ್ಕೆಲ್ಲ ದಾರಿ ಸಿಕ್ಕಂತಾಯಿತು.

ಹೆಸರಿನ ಜಾಗದಲ್ಲಿ 'ಶಿವರಾಮಯ್ಯ' ಎಂದು ಹಾಕಿದ. ಆಮೇಲೆ ಬರೆದ: "ಮಠದ ಕಾರ್ಯಕ್ರಮವಿದೆ. ಸಾವಿರ ಚಕ್ಕುಲಿ, ಸಾವಿರ ಕೋಡುಬಳೆ ಬೇಕು. ಇವತ್ತೇ ಸಂಜೆ ಐದಕ್ಕೆ ಸತ್ಯಮಂಗಲ ಇಂಡಸ್ಟ್ರಿಯಲ್ ಏರಿಯಾ ಕಮಾನಿನ ಹತ್ತಿರ ತನ್ನಿ. ನಮ್ಮವರು ಬಂದು ತೆಗೆದುಕೊಳ್ಳುತ್ತಾರೆ."

ಮಠ ಎಂದು ಬರೆದದ್ದರಲ್ಲಿ ಲೆಕ್ಕವಿತ್ತು. ಬೇರೆ ಯಾರೇ ಆದರೂ ರಂಗರಾಜು ಅಡ್ವಾನ್ಸ್ ಕೇಳುತ್ತಿದ್ದ. ಮಠದ ಕೆಲಸಕ್ಕೆ ಅಡ್ವಾನ್ಸ್ ಕೇಳುವ ಬಾಯಿ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಟಿಣ್ ಎಂದು ಉತ್ತರ ಬಂತು: "ಆಗಲಿ ಬುದ್ಧಿ. ಮಠದ ಸೇವೆ ನಮ್ಮ ಪುಣ್ಯ. ಐದಕ್ಕೆ ಅಲ್ಲಿರ್ತೀನಿ."

ಕೃಷ್ಣಕುಮಾರ ಒಬ್ಬನೇ ಕಿಲಕಿಲ ನಕ್ಕ. ಸಂಜೆ ಕಮಾನಿನ ಕೆಳಗೆ ಎರಡು ಸಾವಿರ ತಿಂಡಿ ಇಟ್ಟುಕೊಂಡು ದಾರಿ ಕಾಯುವ ರಂಗರಾಜುವನ್ನು ನೆನೆಸಿಕೊಂಡರೇ ಮೈಗೆ ತುಪ್ಪ ಸವರಿದಷ್ಟು ತಂಪಾಯಿತು. ಗುರುಪ್ರಕಾಶ ಬರುವುದು ಕಂಡು ಆ ಮೆಸೇಜುಗಳನ್ನೆಲ್ಲ ಅಳಿಸಿಹಾಕಿದ.

"ಇದೇನಣ್ಣ, ಶಿವರಾಮಯ್ಯ ಅಂತಿದೆ?"

"ಸುಮ್ನೆ ಹಾಕಿದ್ದೆ. ತೆಗೆದು ಕೃಷ್ಣ ಕಾಂಡಿಮೆಂಟ್ಸ್ ಅಂತ ಮಾಡು."

ಗುರುಪ್ರಕಾಶ ಹೆಸರು ಬದಲಿಸಿದ, ಪೇಜಿಗೆ ನಂಬರು ಜೋಡಿಸಿದ, ಫೋನಿಗೆ ಬಂದ ಕೋಡ್ ನಂಬರನ್ನು ಒತ್ತಿದ. ಹಸಿರು ಬಟನ್ ಮೂಡಿತು. "ಅಣ್ಣ, ನಿಮ್ಮ ಕೈ ಯಾವಾಗ್ಲೂ ಹಿಟ್ಟಲ್ಲೇ ಇರುತ್ತೆ. ಯಾರು ಮೆಸೇಜ್ ಮಾಡಿದ್ರೂ ತಾನೇ ಉತ್ರ ಹೋಗೋ ಹಾಗೆ ಮಾಡಿದೀನಿ. ನೀವು ಮುಟ್ಟೋದೇ ಬೇಡ." ಹೀಗೆಂದವನೇ ತನಗೆ ತೋಚಿದ ನಾಲ್ಕು ಸಾಲನ್ನೂ ಬರೆದು ಹಾಕಿದ.

ಅಂಗಡಿಗೆ ವಾಪಸು ಬಂದರೆ ಪ್ರೇಮಲತಾ ಬಾಗಿಲಲ್ಲೇ ನಿಂತಿದ್ದಳು. ಮುಖ ಅರಳಿತ್ತು.

"ರೀ, ಲಿಂಕ್ ಆಯ್ತಾ?"

"ಈಗ ತಾನೇ ಆಯ್ತು. ಯಾಕೆ?"

"ಆರುನೂರು ಕೋಡುಬಳೆಗೆ ಆರ್ಡರ್ ಬಂದಿದೆ ಕಣ್ರೀ! ಇವತ್ತೇ ಸಂಜೆಗೆ ತುಮಕೂರಿಗೆ ಬೇಕಂತೆ. ನಿಮ್ಮ ಬಟನ್ ನೋಡಿ ನನ್ನ ಫೋನಿಗೇ ಮಾಡಿದ್ರು."

ಬಟನ್ ಒತ್ತಿದವರು ಹೆಂಡತಿಗೆ ಯಾಕೆ ಫೋನ್ ಮಾಡಿದರು ಎಂದು ಬೇರೆಯವನಾಗಿದ್ದರೆ ಕೇಳುತ್ತಿದ್ದ. ಹೊಟ್ಟೆಕಿಚ್ಚಿನವನಿಗೆ ತನ್ನ ಗೆಲುವಿನ ಮೇಲೆ ಅನುಮಾನ ಬರುವುದಿಲ್ಲ. "ನೋಡ್ದಾ? ಅವ್ನಿಗೆ ಮೊದಲ ಆರ್ಡರ್ ಬರೋಕೆ ನಾಕು ದಿನ ಹಿಡೀತಂತೆ. ನಂಗೆ ಕಾಲು ಗಂಟೆ!" ಎಂದು ಕೂಗಿ, ಅಕ್ಕಿಹಿಟ್ಟಿನ ಮೂಟೆಗೆ ಕೈ ಹಾಕಿದ.

ಆಮೇಲೆ ಶುರುವಾದದ್ದು ಅಂತಿಂಥ ಗಲಾಟೆಯಲ್ಲ. ಎದುರು ಮನೆಯ ಕದರಯ್ಯ ರಿಟೈರಾದ ಬಸ್ ಕಂಡಕ್ಟರು. ಯಾರ ಮನೆಯಲ್ಲಿ ಏನೇ ಕೆಲಸವಾದರೂ ವಿಸಿಲ್ ಹೊಡೆಯುವುದು ತಮ್ಮ ಹಕ್ಕು ಎಂದುಕೊಂಡವರು. ಅವರು ಬಂದು ಸ್ಟೂಲೆಳೆದು ಕೂತರು.

"ಕೃಷ್ಣಕುಮಾರ, ಕಾರ ಸಾಲ್ದು. ತುಮಕೂರಿನೋರಿಗೆ ಕಾರ ಬೇಕು."

"ಅಳತೆ ಇದೆ ಕದರಯ್ಯನೋರೇ."

"ಅಳತೆ ಕಟ್ಕೊಂಡು ಏನ್ಮಾಡ್ತೀಯಾ, ಹಾಕು!" ಎಂದು ಅವರೇ ಒಂದು ಸೌಟು ಖಾರದಪುಡಿ ಸುರಿದರು. ಹಿಟ್ಟು ಕೆಂಪಾಯಿತು. ಅದನ್ನು ಸರಿದೂಗಿಸಲು ಇನ್ನಷ್ಟು ಹಿಟ್ಟು, ಅದಕ್ಕೆ ಇನ್ನಷ್ಟು ಕೊಬ್ಬರಿ. ಹೊಸೆಯಲು ಕೈ ಸಾಲದೆ ಪಕ್ಕದ ಹೂವಿನಂಗಡಿಯ ಭದ್ರಮ್ಮ ಬಂದಳು. ಮಾರು ಹೂ ಕಟ್ಟುವ ಕೈ ಅವಳದು, ಕೋಡುಬಳೆಗಳೆಲ್ಲ ಒಂದಕ್ಕೊಂದು ಗಂಟು ಬಿದ್ದವು. ಕದರಯ್ಯ ಹೊಸೆದವು ಬಸ್ಸಿನ ಸ್ಟೇರಿಂಗಿನಷ್ಟು ಅಗಲವಾದವು. ನಾನೂರನೇ ಕೋಡುಬಳೆ ಬಾಣಲೆಯಲ್ಲಿದ್ದಾಗ ಗ್ಯಾಸ್ ಮುಗಿಯಿತು. ಕೃಷ್ಣಕುಮಾರ ಕದರಯ್ಯನವರ ಅಡುಗೆಮನೆಯ ಸಿಲಿಂಡರನ್ನೇ ಬಿಚ್ಚಿ ತಂದ. ಕದರಯ್ಯನವರ ಹೆಂಡತಿ ಬೇಯದ ಅನ್ನದ ಪಾತ್ರೆ ಹಿಡಿದು ಬೀದಿಗೆ ಬಂದು, ಗಂಡನ ಮೂರು ತಲೆಮಾರಿಗೂ ಟಿಕೆಟ್ ಹರಿದರು.

ಇಷ್ಟರ ನಡುವೆಯೂ ಅತ್ತೆಗೆ ಫೋನ್ ಮಾಡದೆ ಅವನಿಗೆ ಸಮಾಧಾನವಿಲ್ಲ. "ಅತ್ತೆ, ನಂಗೂ ಬಟನ್ ಬಂತು. ಆರುನೂರು ಆರ್ಡರ್!"

"ಒಳ್ಳೇದಾಯ್ತು ಬುಡಪ್ಪ. ನಮ್ಮ ರಂಗಂಗೂ ಇವತ್ತು ಭಾರಿ ಆರ್ಡರಂತೆ. ಮಠದ್ದಂತೆ. ಪುಣ್ಯವಂತ."

"ಹೌದಾ? ಪಾಪ!" ಎಂದ ಕೃಷ್ಣಕುಮಾರ. ಪಾಪ ಯಾಕೆಂದು ಅತ್ತೆಗೆ ಅರ್ಥವಾಗಲಿಲ್ಲ. ಅವನು ಫೋನಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಖಾರದಪುಡಿಯ ಕೈಯಲ್ಲಿ ಆ ನೀರು ಒರೆಸಿಕೊಂಡದ್ದರಿಂದ ಮುಂದಿನ ಅರ್ಧ ಗಂಟೆ ಬರೀ ಅತ್ತ.

ಅಂತೂ ನಾಲ್ಕು ಗಂಟೆಗೆ ಆರುನೂರು ಕೋಡುಬಳೆಗಳು ಲಗೇಜ್ ಆಟೋ ಹತ್ತಿದವು. ಕೆಂಗಣ್ಣಿನ ಕೃಷ್ಣಕುಮಾರ ಮುಂದೆ ಕೂತ. ಪ್ರೇಮಲತಾ ಡಬ್ಬಗಳ ನಡುವೆ ಕೂತಳು. "ದಾರಿ ನಾನು ಹೇಳ್ತೀನಿ" ಎಂದಿದ್ದಳು. ತುಮಕೂರು ಬಂತು. ಆಟೋ ಊರು ದಾಟಿತು.

"ಎಲ್ಲಿಗೇ ಇದು?"

"ಇನ್ನೇನು ಬಂತು. ಸತ್ಯಮಂಗಲ."

ಕೃಷ್ಣಕುಮಾರ ಗಕ್ಕನೆ ಹಿಂದಕ್ಕೆ ತಿರುಗಿದ. "ಸತ್ಯಮಂಗಲದಲ್ಲಿ... ಎಲ್ಲಿ?"

"ಕಮಾನಿನ ಹತ್ರ."

ಅಲ್ಲಿ ಕಮಾನಿನ ಕೆಳಗೆ ಡಬ್ಬಗಳ ರಾಶಿಯ ಪಕ್ಕದಲ್ಲಿ ರಂಗರಾಜು ನಿಂತಿದ್ದ. ಮಠದವರೆದುರು ನಿಲ್ಲಬೇಕಲ್ಲ ಎಂದು ಬಿಳಿ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿದ್ದ. ಆಟೋ ಕಂಡು ಕೈ ಬೀಸಿದ.

"ಬನ್ನಿ ಅಣ್ಣ! ಅಕ್ಕ, ಸರಿಯಾದ ಟೈಮಿಗೆ ತಂದ್ರಿ."

"ಇವ್ನ್ಯಾಕೆ ಇಲ್ಲಿ?" ಕೃಷ್ಣಕುಮಾರ ಹೆಂಡತಿಯ ಕಿವಿಯಲ್ಲಿ ಕೇಳಿದ.

ಪ್ರೇಮಲತಾ ತಲೆ ತಗ್ಗಿಸಿದಳು. "ನೀವು ಬೇಜಾರ್ ಮಾಡ್ಕೊತೀರ ಅಂತ ಹೇಳ್ಲಿಲ್ಲ. ಆರ್ಡರ್ ಬಂದಿದ್ದು ರಂಗರಾಜು ಅವ್ರಿಗೆ. ಅಷ್ಟೂ ಒಂದೇ ದಿನದಲ್ಲಿ ಆಗಲ್ಲ ಅಂತ ಆರುನೂರು ಕೋಡುಬಳೆ ನಮಗೆ ಬಿಟ್ಕೊಟ್ರು. ನೀವು ಬಟನ್ ಹಾಕಿಸೋಕೆ ಹೋಗಿದೀರ ಅಂದೆ. 'ನಾನು ಕೊಟ್ಟೆ ಅಂದ್ರೆ ಅಣ್ಣ ಮುಟ್ಟಲ್ಲ, ಅವ್ರ ಬಟನ್ನಿಂದಾನೇ ಬಂತು ಅನ್ನಿ' ಅಂತ ಅವ್ರೇ ಹೇಳಿದ್ರು."

ಕೃಷ್ಣಕುಮಾರನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬೇರೆ ಯಾವ ಷಡ್ಡಕ ಹೀಗೆ ಮಾಡಿಯಾನು? ಅವನು ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು!

"ಪುಣ್ಯದ ಕೆಲಸ ಅಣ್ಣ, ಇಬ್ರೂ ಹಂಚ್ಕೊಳೋಣ" ಎಂದ ರಂಗರಾಜು. "ಶಿವರಾಮಯ್ಯನೋರು ಐದಕ್ಕೆ ಅಂದಿದ್ರು, ಇನ್ನೂ ಬಂದಿಲ್ಲ. ತಡೀರಿ, ಒಂದು ಮೆಸೇಜ್ ಹಾಕ್ತೀನಿ."

"ಬೇಡ!" ಎಂದು ಕೃಷ್ಣಕುಮಾರ ಕಿರುಚಿದ. "ದೊಡ್ಡೋರು, ಪೂಜೇಲಿರ್ತಾರೆ..."

ರಂಗರಾಜುವಿನ ಬೆರಳು ಆಗಲೇ ಒತ್ತಿತ್ತು.

ಟಿಣ್. ಕೃಷ್ಣಕುಮಾರನ ಜೇಬು.

ಟಿಣ್. ರಂಗರಾಜುವಿನ ಕೈ.

"ಆಹಾ, ಎಷ್ಟು ಬೇಗ ಉತ್ರ ಬಂತು" ಎಂದು ರಂಗರಾಜು ಜೋರಾಗಿ ಓದಿದ. "'ನಮಸ್ಕಾರ. ಗುಬ್ಬಿಯ ಕೃಷ್ಣ ಕಾಂಡಿಮೆಂಟ್ಸ್‌ಗೆ ಸ್ವಾಗತ. ನಿಮ್ಮ ಮೆಸೇಜು ಮಾಲೀಕರಾದ ಶ್ರೀ ಕೃಷ್ಣಕುಮಾರ್ ಅವರ ಕೈ ಸೇರಿದೆ. ತಮ್ಮ ಸೇವೆಯೇ ನಮ್ಮ ಭಾಗ್ಯ.'"

ಕಮಾನಿನ ಕೆಳಗೆ ಲಾರಿಗಳು ಓಡಾಡುತ್ತಿದ್ದವು. ಆಟೋದವನು ಒಂದು ಕೋಡುಬಳೆ ಬಾಯಿಗಿಟ್ಟು, ಖಾರಕ್ಕೆ ಹಾ ಹಾ ಎನ್ನುತ್ತಿದ್ದ. ಪ್ರೇಮಲತಾ ಗಂಡನ ಮುಖ ನೋಡಿದಳು, ಅವನ ಜೇಬು ನೋಡಿದಳು. ಅರ್ಥವಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ" ಎಂದಳು ತಣ್ಣಗೆ. "ಆರುನೂರಿದೆ. ಉಣ್ಣಿ."

ರಂಗರಾಜು ಒಂದು ಬೈಗುಳ ಬೈದಿದ್ದರೂ ಕೃಷ್ಣಕುಮಾರ ಎದುರು ಮಾತಾಡಿ ಮಾನ ಉಳಿಸಿಕೊಳ್ಳುತ್ತಿದ್ದ. ಅವನು ಬೈಯಲಿಲ್ಲ. ಫೋನನ್ನು ಜೇಬಿಗಿಟ್ಟು ಹೇಳಿದ: "ಮಠದ ಹೆಸ್ರು ಹೇಳಿ ಕರಿದಿದ್ದು ಅಣ್ಣ. ವಾಪಸ್ ತಗೊಂಡೋಗಿ ಮಾರೋ ಹಾಗಿಲ್ಲ. ನಡೀರಿ, ಮಠಕ್ಕೇ ಕೊಡೋಣ."

ಅದಕ್ಕೆ ಇಲ್ಲವೆನ್ನುವ ಧೈರ್ಯ ಯಾರಿಗಿದೆ? ಆಟೋ ಹತ್ತಿರದ ಮಠವೊಂದರ ಕಡೆ ತಿರುಗಿತು. ಅಲ್ಲಿ ಸಂಜೆಯ ಪ್ರಸಾದಕ್ಕೆ ಜನ ಸಾಲಾಗಿ ಕೂತಿದ್ದರು. ಉಸ್ತುವಾರಿಯ ಹಿರಿಯರು ಡಬ್ಬಗಳನ್ನು ನೋಡಿ ಹಿರಿಹಿರಿ ಹಿಗ್ಗಿದರು. ಹೆಸರು ಕೇಳಿದರು. ರಂಗರಾಜು, "ನಮ್ಮಿಬ್ರದೂ ಬರ್ಕೊಳಿ" ಎಂದು ಇಬ್ಬರದನ್ನೂ ಹೇಳಿದ. ಕೃಷ್ಣಕುಮಾರನಿಗೆ ಸ್ವಲ್ಪ ಜೀವ ಬಂತು. ಹೋದದ್ದು ಹೋಯಿತು, ಮೈಕಿನಲ್ಲಿ ಹೆಸರಾದರೂ ಕೇಳಲಿ ಎಂದು ಕಿವಿ ನಿಮಿರಿಸಿದ.

ಮೈಕು ಗೊರಗೊರ ಎಂದಿತು. "ಇಂದಿನ ಚಕ್ಕುಲಿ ಕೋಡುಬಳೆ ಸೇವೆ, ಕುಣಿಗಲ್ಲಿನ ಶ್ರೀ ರಂಗರಾಜು ಹಾಗೂ ಅವರ ಷಡ್ಡಕರಿಂದ."

ಷಡ್ಡಕರು! ಆರುನೂರು ಕೋಡುಬಳೆ, ಒಂದು ಸಿಲಿಂಡರು, ಎರಡು ಕಣ್ಣು, ಇಷ್ಟೆಲ್ಲ ಕೊಟ್ಟವನಿಗೆ ಒಂದು ಹೆಸರೂ ಇಲ್ಲ. ರಂಗರಾಜು ಪಂಕ್ತಿಯ ಫೋಟೋ ತೆಗೆದು ಪೇಜಿಗೆ ಹಾಕಿದ. ಐದು ನಿಮಿಷವೂ ಆಗಿರಲಿಲ್ಲ, ಅವನ ಫೋನು ಶುರುವಿಟ್ಟುಕೊಂಡಿತು. ಟಿಣ್. ಟಿಣ್. ಟಿಣ್.

ಕೃಷ್ಣಕುಮಾರ ಕಂಬಕ್ಕೊರಗಿ ನಿಂತ. ಅಷ್ಟರಲ್ಲಿ ಅವನ ಜೇಬೂ ಒಮ್ಮೆ ಟಿಣ್ ಎಂದಿತು. ನಿಜವಾದ ಗಿರಾಕಿ! ಉರಿಯುವ ಕಣ್ಣು ಕಿರಿದು ಮಾಡಿ ಫೋನು ತೆಗೆದು ನೋಡಿದ. ಪಂಕ್ತಿಯ ಆಚೆ ತುದಿಯಿಂದ ರಂಗರಾಜು ಕಳಿಸಿದ್ದ:

"ಅಣ್ಣ, ನಿಮ್ಮ ಬಟನ್ ಚೆನ್ನಾಗಿ ಕೆಲಸ ಮಾಡ್ತಿದೆ."

ಏನಾದರೂ ಖಾರವಾದದ್ದು ಬರೆಯಬೇಕೆಂದು ಕೃಷ್ಣಕುಮಾರ ಬೆರಳೆತ್ತಿದ. ಅದಕ್ಕೆ ಮೊದಲೇ ಅವನ ಫೋನು ಉತ್ತರ ಕಳಿಸಿ ಆಗಿತ್ತು: "ತಮ್ಮ ಸೇವೆಯೇ ನಮ್ಮ ಭಾಗ್ಯ."