ಕರ್ನಾಕಿನ ಹೊಸ ಪ್ರತಿಮೆ

ದಾಹಿಯ ಎಡಗಿವಿಗೆ ಬಿದ್ದ ಗಾಯವೇ ಎಲ್ಲಕ್ಕೂ ಮೂಲ. ಕರ್ನಾಕಿನ ಕ್ಷೌರಿಕ ಮದ್ಬೂಲಿ ತಲೆ ಬೋಳಿಸುವಾಗ ಅವನು ಯಾವತ್ತೂ ಸುಮ್ಮನೆ ಕೂತವನಲ್ಲ; ಕಾದ ಬಾಣಲೆಗೆ ಬಿದ್ದ ಎಳ್ಳಿನ ಹಾಗೆ ಸಿಡಿಯುತ್ತಿದ್ದ. ಅಂಥವನು ಆ ಬೆಳಿಗ್ಗೆ, ಕತ್ತಿ ಕಿವಿಯ ಹತ್ತಿರ ಇರುವಾಗಲೇ, ಮದ್ಬೂಲಿಯ ಮಗಳು ಸನಿಯ್ಯಾಳನ್ನು ಮದುವೆಗೆ ಕೇಳಿಬಿಟ್ಟ.

"ಕೂತಲ್ಲಿ ಕೂರೋಕೆ ಬರದವನಿಗೆ ಸಂಸಾರ ಬೇರೆ ಕೇಡು," ಎಂದು ಮದ್ಬೂಲಿ ರಕ್ತ ಒರೆಸಿದ. "ಪಾಳು ದೇಗುಲದ ಹತ್ರ ಆ ಫ್ರೆಂಚ್ ಸಾಹೇಬ, ಖವಾಜಾ, ಪೆಟ್ಟಿಗೆ ಇಟ್ಕೊಂಡು ಚಿತ್ರ ಹಿಡೀತಿದ್ದಾನಲ್ಲ, ಅದರ ಮುಂದೆ ಅಲುಗಾಡಿದವರು ಕಾಗದದಲ್ಲಿ ಮೂಡೋದೇ ಇಲ್ಲವಂತೆ. ನಿನ್ನ ಮುಖ ಅದರಲ್ಲಿ ಮೂಡಲಿ, ಮಗಳನ್ನ ಕೊಡ್ತೀನಿ."

"ಮಾತು ಅಂದ್ರೆ ಮಾತು ತಾನೇ, ಮಾವ?"

"ಮೊದಲು ಮೂಡು. ಆಮೇಲೆ ಮಾವ ಅನ್ನು."

ಕಂಬಗಳ ಎತ್ತರ ತೋರಿಸಲು ಖವಾಜಾನಿಗೂ ಒಬ್ಬ ಮನುಷ್ಯ ಬೇಕಾಗಿತ್ತು. ದಾಹಿ ಮುರಿದ ಪೀಠವೊಂದರ ಮೇಲೆ ಹಲ್ಲು ಕಚ್ಚಿ ನಿಂತ. ಮಸೂರದ ಮುಚ್ಚಳ ತೆಗೆದದ್ದೇ ತಡ, ಅವನನ್ನು ಅಲುಗಾಡಿಸಲು ಊರಿಗೆ ಊರೇ ಸುತ್ತ ಕುಣಿಯತೊಡಗಿತು.

"ದಾಹೀ, ಕಾಲ ಹತ್ರ ಚೇಳು!" ಎಂದ ಮದ್ಬೂಲಿ.

ದಾಹಿ ಅಲುಗಲಿಲ್ಲ.

"ನಿನ್ನ ಕತ್ತೆ ನದಿಗೆ ಇಳೀತು ಕಣೋ, ಮುಳುಗ್ತಿದೆ!" ಎಂದು ನೀರು ಹೊರುವ ಉಮ್ಮು ರಿಜ್ಕ್ ಎದೆ ಬಡಿದುಕೊಂಡಳು.

ಹೋದರೆ ಹೋಗಲಿ, ಸನಿಯ್ಯಾ ಕತ್ತೆಗಿಂತ ಮೇಲು ಎಂದು ದಾಹಿ ಮನಸ್ಸು ಗಟ್ಟಿ ಮಾಡಿಕೊಂಡ. ನೊಣವೊಂದು ಮೂಗಿನ ತುದಿಯಲ್ಲಿ ಕೂತು ಸಾವಕಾಶವಾಗಿ ಕೈಕಾಲು ಉಜ್ಜಿಕೊಂಡಿತು. ಮೇಕೆಯೊಂದು ಅಂಗಿಯ ಅಂಚು ಮೇಯುತ್ತಾ ಮೊಣಕಾಲಿನವರೆಗೆ ಬಂತು. ಮುಚ್ಚಳ ಮತ್ತೆ ಬೀಳುವವರೆಗೆ ದಾಹಿ ಉಸಿರನ್ನೂ ಕಂತುಗಳಲ್ಲಿ ಬಿಟ್ಟ.

ಮಧ್ಯಾಹ್ನ ಖವಾಜಾ ಬಿಸಿಲಿಗೊಡ್ಡಿ ಮೂಡಿಸಿದ ಚಿತ್ರವೊಂದನ್ನು ಅವನ ಕೈಗಿತ್ತು, ದೋಣಿಯೇರಿ ಅಸ್ವಾನಿನ ಕಡೆ ಹೊರಟ. ಚಿತ್ರದಲ್ಲಿ ಊರಿಲ್ಲ, ಮೇಕೆಯಿಲ್ಲ. ಪೀಠದ ಮೇಲೆ ದಾಹಿ ಒಬ್ಬನೇ, ಕೆತ್ತಿ ನಿಲ್ಲಿಸಿದ ಹಾಗೆ! ಮದ್ಬೂಲಿ ತಾನೆಲ್ಲಿ ಎಂದು ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿದ.

"ಮೂಡಿದ್ದೀನಿ, ಮಾವ!"

"ಆಯ್ತಪ್ಪ," ಎಂದು ಮದ್ಬೂಲಿ ಕಾಗದ ಹಿಂದಿರುಗಿಸಿದ. "ಶುಕ್ರವಾರ ನಿಕಾಹ್."

ಅಷ್ಟರಲ್ಲಿ ದೇಶವಾಳುವ ಪಾಷಾನ ಅಧಿಕಾರಿ ಜುಲ್ಫಿಕಾರ್ ಎಫೆಂದಿ ಬೆವರುತ್ತಾ ಬಂದ. ತೆಗೆದ ಚಿತ್ರಗಳ ಒಂದೊಂದು ಪ್ರತಿ ಅವನ ಕಚೇರಿಗೆ ಸಲ್ಲಬೇಕಿತ್ತು. ಈ ಚಿತ್ರದ ಪ್ರತಿಯೂ ಅವನ ಕೈಯಲ್ಲಿತ್ತು.

"ಈ ಪೀಠದ ಮೇಲಿದ್ದ ಪ್ರತಿಮೆ ಎಲ್ಲಿ ಹೋಯ್ತ್ರೋ? ಕರ್ನಾಕಿನಲ್ಲಿ ಹೊಸ ಪ್ರತಿಮೆ ಪತ್ತೆ ಮಾಡಿದೆ ಅಂತ ಈಗಷ್ಟೇ ಕೈರೋಗೆ ಸುದ್ದಿ ಕಳಿಸಿದ್ದೀನಿ. ಯಾರು ಕದ್ದೋರು?"

"ಅದು ನಾನೇ, ಎಫೆಂದಿ," ಎಂದ ದಾಹಿ.

"ಹೌದು ಸ್ವಾಮಿ, ನಾವೆಲ್ಲ ಸುತ್ತ ಕುಣೀತಾ ಇದ್ವಿ," ಎಂದಳು ಉಮ್ಮು ರಿಜ್ಕ್.

ಎಫೆಂದಿ ಚಿತ್ರವನ್ನು ಕಣ್ಣಿಗೆ ಹಿಡಿದ. "ಎಲ್ಲಿ? ಇದರಲ್ಲಿ ನಿಮ್ಮ ಒಬ್ಬರ ನೆರಳೂ ಇಲ್ಲ. ಸುಳ್ಳು ಸಾಕ್ಷಿ ಬೇರೆ! ಊರಿನ ಗಂಡಸರೆಲ್ಲ ನಡೀರಿ ಜೈಲಿಗೆ!"

ದಾಹಿ ಮತ್ತೆ ಹಲ್ಲು ಕಚ್ಚಿ ಪೀಠವೇರಿ ನಿಂತ. ಎಫೆಂದಿ ಚಿತ್ರವನ್ನೂ ಅವನನ್ನೂ ಹೋಲಿಸಿದ, ಕೆನ್ನೆ ತಟ್ಟಿದ, ತೊಡೆ ಚಿವುಟಿದ. ದಾಹಿ ಕಲ್ಲು. ಎಫೆಂದಿಯ ಮುಖ ಅರಳಿತು.

"ಸಿಕ್ತು!"

ಸದ್ಯ ಬದುಕಿದೆ ಎಂದು ದಾಹಿ ಇಳಿಯಹೋದ.

"ಏಯ್! ಕೈರೋದವರು ಬಂದು ನೋಡೋತನಕ ಅಲ್ಲೇ ಇರಬೇಕು."

"ಅವರು ಯಾವಾಗ ಬರ್ತಾರೆ?"

"ನದಿ ಏರಿದ ಮೇಲೋ, ಇಳಿದ ಮೇಲೋ."

"ಶುಕ್ರವಾರ ನನ್ನ ಮದುವೆ, ಎಫೆಂದಿ!"

"ಪಾಷಾನ ಪ್ರತಿಮೆಯನ್ನ ಯಾರ ಮನೆಗೂ ಸಾಗಿಸೋ ಹಾಗಿಲ್ಲ. ಕಳ್ಳತನ ಆಗುತ್ತೆ." ಎಫೆಂದಿ ಜನರ ಕಡೆ ತಿರುಗಿದ. "ಇದನ್ನ ನೋಡ್ಕೊಳ್ಳೋರು ಯಾರು?"

"ನಾನಿದ್ದೀನಲ್ಲ," ಎಂದು ಮದ್ಬೂಲಿ ಮುಂದೆ ಬಂದು ಕತ್ತಿ ಮಸೆದ. "ಪ್ರತಿಮೆಗೆ ಗಡ್ಡ ಬೆಳೀಬಾರದು ನೋಡಿ."

ಬೆಳಗಿನ ನೊಣ ಮರಳಿ ಬಂದು ಮೂಗಿನ ತುದಿಯಲ್ಲಿ ಕೂತಿತು. ಕತ್ತಿ ಕಿವಿಯ ಹತ್ತಿರ ಬಂತು.

"ಅಲುಗಬೇಡ, ಅಳಿಯಾ."