ದೊಡ್ಡಪ್ಪನನ್ನು ತಡೆದಿಟ್ಟ ಅಪ್‌ಡೇಟ್

ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರುಗಳು ರೋಗಿಗಳನ್ನು ನೋಡಿಕೊಳ್ಳುತ್ತಾರೆ, ನಾನು ಸರ್ವರ್ ನೋಡಿಕೊಳ್ಳುತ್ತೇನೆ. ನನ್ನ ಕೈಗುಣವೇ ಒಂದು ತೂಕ ಹೆಚ್ಚು ಎಂಬ ನಂಬಿಕೆ ಆ ಭಾನುವಾರದವರೆಗೂ ಇತ್ತು.

ಸರ್ವರಿನ ಕರ್ನಲ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಬಂದು ಬಹಳ ದಿನವಾಗಿತ್ತು. ಕರ್ನಲ್ ಎಂದರೆ ಕಂಪ್ಯೂಟರಿನೊಳಗಿನ ಮೇಸ್ತ್ರಿ. ಅವನು ಎದ್ದರೆ ಮಾತ್ರ ಮಿಕ್ಕವರಿಗೆ ಕೆಲಸ. ಅದರಲ್ಲೊಂದು ತೂತಿದೆ, ಕಳ್ಳರು ನುಗ್ಗಬಹುದು ಎಂಬ ಎಚ್ಚರಿಕೆ ಬರುತ್ತಲೇ ಇತ್ತು. ಭಾನುವಾರ ಓಪಿಡಿ ಇರುವುದಿಲ್ಲ. ಐಸಿಯು ಯಂತ್ರಗಳಿಗೂ ಈ ಸರ್ವರಿಗೂ ಸಂಬಂಧವಿಲ್ಲ, ಇದರಲ್ಲಿರುವುದು ರೋಗಿಗಳ ದಾಖಲೆ, ಚೀಟಿಗಳು ಮಾತ್ರ. ಇದೇ ಸುಮುಹೂರ್ತ ಎಂದು ತೀರ್ಮಾನಿಸಿದೆ.

ನನ್ನ ಹೆಂಡತಿ ಶೈಲಾಳೂ ಜೊತೆಗೆ ಬಂದಿದ್ದಳು. ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದ ಅವಳ ದೊಡ್ಡಪ್ಪ ನಮ್ಮ ಐಸಿಯುನಲ್ಲೇ ಇದ್ದರು.

“ಮೊದ್ಲು ಮೇಲ್ ಬಂದು ದೊಡ್ಡಪ್ಪನ್ ಮುಖ ನೋಡ್ಬಾರ್ದೇನ್ರೀ?” ಎಂದಳು.

“ಹತ್ತು ನಿಮಿಷದ ಕೆಲಸ ಕಣೇ. ಮುಗಿಸಿ ಬಂದೆ.”

ಅಪ್‌ಡೇಟ್ ಶುರುಮಾಡಿದರೆ ಡಿಸ್ಕಿನಲ್ಲಿ ಜಾಗ ಸಾಲದು ಎಂದಿತು. ಹಳೆಯ ಕರ್ನಲ್‌ಗಳನ್ನೆಲ್ಲ ಅಳಿಸಿ ಜಾಗ ಮಾಡಿದೆ. ಹೊಸದು ಕೈಕೊಟ್ಟರೆ ಇರಲಿ ಅಂತ ಹಳೆಯದೊಂದನ್ನು ಉಳಿಸಿಕೊಳ್ಳಬೇಕು ಎಂದು ಊರಿಗೆಲ್ಲ ಉಪದೇಶ ಮಾಡುವವನು ನಾನೇ. ಉಪದೇಶ ಮಾಡಿದವನು ಪಾಲಿಸಲೂಬೇಕು ಎಂದು ಎಲ್ಲೂ ಬರೆದಿಲ್ಲವಲ್ಲ!

ರೀಸ್ಟಾರ್ಟ್ ಮಾಡಿದೆ. ಕಪ್ಪು ಪರದೆಯ ಮೇಲೆ ‘ಕರ್ನಲ್ ಪ್ಯಾನಿಕ್’ ಎಂದು ಬಂತು. ಮೇಸ್ತ್ರಿಗೆ ಗಾಬರಿಯಾಗಿದೆ ಎಂದರ್ಥ. ಅವನು ಗಾಬರಿಯಲ್ಲಿ ಸುಮ್ಮನೆ ನಿಂತ. ನಾನು ಗಾಬರಿಯಲ್ಲಿ ಆಫ್ ಮಾಡಿದೆ, ಆನ್ ಮಾಡಿದೆ, ಮತ್ತೆ ಆಫ್ ಮಾಡಿದೆ.

ಆಗ ಶೈಲಾಳ ಫೋನ್ ಬಂತು. “ರೀ... ದೊಡ್ಡಪ್ಪ ಹೋಗ್ಬಿಟ್ರು ಕಣ್ರೀ.”

ಓಪಿಡಿಗೆ ರಜೆ ಇತ್ತು. ಯಮನಿಗೆ ಇರಲಿಲ್ಲ.

ನಮ್ಮಲ್ಲಿ ಕಂಪ್ಯೂಟರ್ ಚೀಟಿ ಇಲ್ಲದೆ ದೇಹ ಬಿಟ್ಟುಕೊಡುವಂತಿಲ್ಲ. ಕೈಬರಹದ ಚೀಟಿಯಲ್ಲಿ ತಪ್ಪುಗಳಾಗುತ್ತವೆ ಎಂದು ಮೀಟಿಂಗಿನಲ್ಲಿ ಭಾಷಣ ಮಾಡಿ ಆ ನಿಯಮ ತರಿಸಿದ ಮಹಾನುಭಾವನೂ ನಾನೇ! ದೊಡ್ಡಪ್ಪನ ಮಗ ಮಹದೇವ ಕಣ್ಣೊರೆಸಿಕೊಳ್ಳುತ್ತಾ ಕೌಂಟರಿಗೆ ಹೋದನಂತೆ.

“ನಮ್ ಭಾವ ಇಲ್ಲೇ ಕೆಲ್ಸ ಮಾಡೋದು ಮೇಡಂ. ಅವ್ರಿಗೊಂದ್ ಮಾತ್ ಹೇಳಿ, ತಟ್ಟಂತ ಸರಿ ಮಾಡ್ತಾರೆ.”

“ಕಂಪ್ಯೂಟರ್ ಕೆಡಿಸಿ ಕೂತಿರೋದೇ ನಿಮ್ ಭಾವ ಸರ್” ಎಂದಳಂತೆ ಕೌಂಟರಿನ ಹುಡುಗಿ.

ಇಂಥ ಆಪತ್ತಿಗೆಂದೇ ಒಂದು ಪೆನ್‌ಡ್ರೈವ್ ಇಟ್ಟುಕೊಂಡಿದ್ದೆ. ಅದರಿಂದ ಸರ್ವರನ್ನು ಎಬ್ಬಿಸಿ ಒಳಗಿನ ರಿಪೇರಿ ಮಾಡಬಹುದು. ಚುಚ್ಚಿ ನೋಡಿದೆ. ಒಳಗೆ ಬರೀ ಮದುವೆ ಹಾಡುಗಳು! ನಾದಿನಿಯ ಆರತಕ್ಷತೆಗೆ ಬೇಕೆಂದು, ಇದ್ದದ್ದನ್ನು ಅಳಿಸಿ ಹಾಡು ತುಂಬಿದ್ದೆ. ಮತ್ತೆ ಎಲ್ಲವನ್ನೂ ಡೌನ್‌ಲೋಡ್ ಮಾಡಲು ಕೂತೆ. ಭಾನುವಾರವಾದ್ದರಿಂದ ಇಂಟರ್‌ನೆಟ್ಟೂ ವಿಶ್ರಾಂತಿಯಲ್ಲಿತ್ತು.

ಮಹದೇವ ಸರ್ವರ್ ರೂಮಿಗೇ ಇಳಿದು ಬಂದ. “ಭಾವ, ಕುಣಿಗಲ್ ನೆಂಟ್ರೆಲ್ಲ ಆಗ್ಲೇ ಗುಬ್ಬಿಗೆ ಹೋಗವ್ರೆ. ಅಯ್ನೋರು ಬಂದು ಕೂತವ್ರೆ. ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು. ಇನ್ನೆಷ್ಟೊತ್ತು?”

“ಡೌನ್‌ಲೋಡ್ ಆಗ್ತಾ ಇದೆ ಮಹದೇವ.”

“ನಮ್ಮಪ್ಪನ್ನ ಮನೆಗ್ ಕರ್ಕೊಂಡ್ ಹೋಗೋಕೆ ಅದ್ಯಾಕ್ ಭಾವ ಬೇಕು?”

ಕರ್ನಲ್ಲಿನ ವಿಚಾರ ಎಷ್ಟು ಕೇಳಿದರೂ ಹೇಳಬಲ್ಲೆ. ಈಗ ಮಾತ್ರ ಪರದೆಯ ಕಡೆ ತಿರುಗಿ, ಡೌನ್‌ಲೋಡ್ ಎಷ್ಟಾಯಿತೆಂದು ನೋಡತೊಡಗಿದೆ.

ಮಧ್ಯಾಹ್ನ ಇಳಿಯುತ್ತಿದ್ದಾಗ ಸೂಪರಿಂಟೆಂಡೆಂಟರೇ ಬಂದರು. ಒಂದು ಬಿಳಿ ಹಾಳೆ ತೆಗೆದುಕೊಂಡು, ಕೈಯಲ್ಲೇ ನಾಲ್ಕು ಸಾಲು ಬರೆದು ಸೀಲು ಒತ್ತಿದರು. ಒಂದು ತಪ್ಪೂ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಇದು ಸರಿಯಾಗೋವರ್ಗೂ ನೀವು ಎಲ್ಲೂ ಹೋಗ್ಬೇಡಿ” ಎಂದರು.

ಆಂಬುಲೆನ್ಸ್ ಹೊರಟಾಗ ಬಾಗಿಲಿನವರೆಗೆ ಓಡಿದೆ. ಶೈಲಾ ಒಳಗೆ ಕೂತಿದ್ದಳು. ನನ್ನ ಕಡೆ ನೋಡಲಿಲ್ಲ. ಬೆಳಿಗ್ಗೆ ಆ ಹತ್ತು ನಿಮಿಷ ಮಹಡಿ ಹತ್ತಿದ್ದರೆ ದೊಡ್ಡಪ್ಪ ನನ್ನ ಜೊತೆ ಎರಡು ಮಾತಾದರೂ ಆಡುತ್ತಿದ್ದರೇನೋ. ಈಗ ಹೆಗಲು ಕೊಡುವುದಕ್ಕೂ ನಾನಿಲ್ಲ.

ಸರ್ವರ್ ಎದ್ದಾಗ ಹೊರಗೆ ಬೀದಿ ದೀಪ ಹತ್ತುತ್ತಿತ್ತು. ಪರದೆಯಲ್ಲಿ ಐಸಿಯು ಪಟ್ಟಿ ತೆರೆದುಕೊಂಡಿತು. ದೊಡ್ಡಪ್ಪನ ಹೆಸರಿನ ಮುಂದೆ ‘ದಾಖಲಾಗಿದ್ದಾರೆ, ಸ್ಥಿತಿ ಸ್ಥಿರ’ ಎಂದಿತ್ತು. ಅಷ್ಟರಲ್ಲಿ ಗುಬ್ಬಿಯಲ್ಲಿ ಮಣ್ಣು ಮುಗಿದಿತ್ತು. ಕೌಂಟರಿನ ಹುಡುಗಿ ಮನೆಗೆ ಹೋಗಿದ್ದರಿಂದ ‘ನಿಧನ’ ಎಂದು ನಾನೇ ಟೈಪ್ ಮಾಡಬೇಕಾಯಿತು. ಬೆರಳು ಎರಡು ಸಲ ತಪ್ಪಿತು.

ಹನ್ನೊಂದನೆಯ ದಿನದ ಕಾರ್ಯಕ್ಕೆ ತಲೆ ತಗ್ಗಿಸಿಕೊಂಡು ಗುಬ್ಬಿಗೆ ಹೋದೆ. ಪಟ್ಟಿಯಲ್ಲಿ ನಾನು ಕಂಡದ್ದನ್ನು ಶೈಲಾ ದೊಡ್ಡಮ್ಮನಿಗೆ ಹೇಳಿಬಿಟ್ಟಿದ್ದಳು. ಅವರು ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು. ಬೈಗುಳಕ್ಕೆ ಸಿದ್ಧನಾದೆ.

“ಅಳಿಯಂದ್ರೇ, ನಿಮ್ ಕಂಪ್ಯೂಟ್ರು ಸಾಯಂಕಾಲದ್ವರ್ಗೂ ಅವ್ರು ಚೆನ್ನಾಗವ್ರೆ ಅಂತಿತ್ತಂತೆ, ನಿಜ್ವಾ?”

“ಹೌದು ದೊಡ್ಡಮ್ಮ. ತಪ್ಪಾಯ್ತು.”

“ತಪ್ಪೇನ್ ಬುಡಿ. ಇನ್ನೊಂದೆರಡ್ ದಿನ ಹಂಗೇ ಅನ್ಕೊಂಡಿರ್ಲಿ ಅಂತ ಬುಟ್ಟಿದ್ರೆ ಏನಾಗ್ತಿತ್ತು?” ಎಂದು ಸೆರಗಿನಿಂದ ಕಣ್ಣೊತ್ತಿಕೊಂಡರು.

ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ, ಸರ್ವರಿನ ತಪ್ಪು ತಿದ್ದಿದ್ದಕ್ಕೆ ನೊಂದುಕೊಂಡವರು ಅವರೊಬ್ಬರೇ. ನನ್ನ ಮುಖ ಯಾರಿಗೂ ಕಾಣದಿರಲೆಂದು ಎದ್ದುಹೋಗಿ, ಸಾರಿನ ಬಕೆಟ್ ಹಿಡಿದು ಪಂಕ್ತಿಗೆ ಬಡಿಸಲು ಹೊರಟೆ.

ಮಹದೇವ ಎಲ್ಲಿದ್ದನೋ, ಓಡಿಬಂದು ಬಕೆಟ್ ಕಿತ್ತುಕೊಂಡ.

“ಭಾವ, ನಿಮ್ ಕಾಲಿಗ್ ಬೀಳ್ತೀನಿ, ಇದನ್ನ ಮಾತ್ರ ಮುಟ್ಬೇಡಿ. ಜನ ಇನ್ನೂ ಊಟ ಮಾಡ್ಬೇಕು!”