ಹಿನ್ನೆಲೆ ಗದ್ದಲ: ಗಿಟಾರ್ ಕಲಿಸುವ ಆ್ಯಪಿಗೆ ಒಂದು ಅಹವಾಲು

ಮಾನ್ಯ ಗಿಟಾರ್ ಅಭ್ಯಾಸ ಆ್ಯಪ್ ಅವರೇ,

ನನ್ನ ಮೊಬೈಲಿನ ಎರಡನೇ ಪರದೆಯಲ್ಲಿ, ಟಾರ್ಚಿಗೂ ಕ್ಯಾಲ್ಕುಲೇಟರಿಗೂ ನಡುವೆ, ಕಿತ್ತಳೆ ಬಣ್ಣದ ಪುಟ್ಟ ಗಿಟಾರಿನ ರೂಪದಲ್ಲಿ ನೆಲೆಸಿರುವ ತಮಗೆ, ಡ್ರೈವಿಂಗ್ ಶಾಲೆಯೊಂದರ ಟೀಚರಮ್ಮ ಮಾಡುವ ಸವಿನಯ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಿ ಎಂದು ಬಲ್ಲೆ. ಬೆಳಗಾದರೆ ಸಾಕು, ನಾನು ಹಲ್ಲುಜ್ಜುವ ಮೊದಲೇ ಗಂಟೆ ಬಾರಿಸಿ, "ನಿಮ್ಮ ಗಿಟಾರ್ ನಿಮಗಾಗಿ ಕಾಯುತ್ತಿದೆ" ಎಂದು ಜ್ಞಾಪಿಸುವ ತಮಗೆ ಆರೋಗ್ಯದ ಕೊರತೆ ಎಲ್ಲಿಂದ ಬರಬೇಕು? ಈ ಅಹವಾಲನ್ನು ತಮ್ಮದೇ "ಅಭಿಪ್ರಾಯ ತಿಳಿಸಿ" ಎಂಬ ಪೆಟ್ಟಿಗೆಗೆ ಹಾಕೋಣವೆಂದು ಹೋದೆ. ಅಲ್ಲಿ ನಕ್ಷತ್ರಗಳಿಗೆ ಇದ್ದಷ್ಟು ಜಾಗ ಮಾತಿಗೆ ಇರಲಿಲ್ಲವಾದ್ದರಿಂದ ಬಹಿರಂಗವಾಗಿ ಬರೆಯಬೇಕಾಗಿ ಬಂತು. ಕ್ಷಮೆಯಿರಲಿ.

ನನ್ನ ಉದ್ಯೋಗವೇನೆಂದರೆ, ಕಾರು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಾಲ ಬಳಿ ಇರುವ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟುಕೊಂಡು, ಎದುರಿಗೆ ಲಾರಿ ಬಂದರೂ ಮುಖದಲ್ಲಿ ಭಯ ಕಾಣದಂತೆ ನೋಡಿಕೊಳ್ಳುವುದು. ಹೊಸದಾಗಿ ಕಲಿಯುವವರ ಕೈ ನಡುಗುವುದನ್ನು ದಿನವೂ ನೋಡುವವಳಾದ್ದರಿಂದ, ತಾವು ಮೊದಲ ದಿನವೇ ನನ್ನ ಹೆಸರಿನ ಕೆಳಗೆ "ಆರಂಭಿಕ ಹಂತ" ಎಂದು ಬರೆದಾಗ ನಾನು ಬೇಸರಪಟ್ಟುಕೊಳ್ಳಲಿಲ್ಲ. ಐವತ್ತರ ಹತ್ತಿರ ಬಂದವಳಿಗೆ ಯಾರಾದರೂ ಆರಂಭ ಎಂಬ ಪದ ಬಳಸಿದರೆ ಕಿವಿಗೆ ಹಿತವಾಗಿಯೇ ಇರುತ್ತದೆ.

ಆದರೆ ನಾನು ಗಿಟಾರು ಹಿಡಿದದ್ದು ಯಾಕೆ ಎಂದು ತಾವು ಒಮ್ಮೆ ಕೇಳಿದ್ದಿರಿ, ಉತ್ತರಗಳನ್ನೂ ತಾವೇ ಕೊಟ್ಟಿದ್ದಿರಿ: ಮನರಂಜನೆ, ವೇದಿಕೆ, ಗೆಳೆಯರೊಂದಿಗೆ, ಒತ್ತಡ ನಿವಾರಣೆ. ನನ್ನ ಉತ್ತರ ಅವುಗಳಲ್ಲಿ ಇರಲಿಲ್ಲ. ಏನೋ ಒಂದನ್ನು ಒತ್ತಿ ಮುಂದೆ ಹೋದೆ. ಆಗ ಹೇಳದೆ ಉಳಿದದ್ದನ್ನು ಈಗ ಹೇಳುತ್ತೇನೆ.

ನನಗೊಬ್ಬ ಅಣ್ಣನಿದ್ದಾನೆ. ಹಳೆ ಸಾಮಾನುಗಳ ಹರಾಜು ಮಳಿಗೆಯಲ್ಲಿ ಕೂಗುವ ಕೆಲಸ ಅವನದು. ಒಂದು ಕಾಲು ಮುರಿದ ಕುರ್ಚಿಯನ್ನು ಮೇಲಕ್ಕೆತ್ತಿ ಹಿಡಿದು, "ಮೂರೇ ಕಾಲಿನ ಮೇಲೆ ನಿಲ್ಲೋ ಧೈರ್ಯ ಇರೋ ಕುರ್ಚಿ ಸ್ವಾಮಿ ಇದು!" ಎಂದು ಹೊಗಳಿ, ಅದನ್ನು ಕೊಂಡವರು ಸಂತೋಷವಾಗಿ ಹೊತ್ತುಕೊಂಡು ಹೋಗುವಂತೆ ಮಾಡುತ್ತಿದ್ದ. ಕಳೆದ ವರ್ಷ ಒಂದು ಮಧ್ಯಾಹ್ನ, ಕನ್ನಡಿ ಇರುವ ಬೀರುವೊಂದನ್ನು ಹೊಗಳುತ್ತಿದ್ದಾಗ ಅವನ ಮಾತು ಅರ್ಧಕ್ಕೆ ನಿಂತಿತು. ಇದೂ ಅವನ ಒಂದು ವರಸೆಯೆಂದುಕೊಂಡು ಗಿರಾಕಿಗಳು ನಕ್ಕರಂತೆ. ಅವನು ಬೀರುವಿಗೆ ಒರಗಿ ಕುಸಿದ ಮೇಲೆಯೇ ಅದು ಲಕ್ವ ಎಂದು ತಿಳಿದದ್ದು.

ಕಾಲು ನಿಧಾನವಾಗಿ ಚೇತರಿಸಿಕೊಂಡಿತು, ಬಲಗೈ ಅರ್ಧಂಬರ್ಧ ಬಂತು, ಮಾತು ಮಾತ್ರ ಬರಲಿಲ್ಲ. ಉಳಿದದ್ದು "ಹೌದು" ಎಂಬ ಒಂದೇ ಪದ. ಊಟ ಬೇಕಾ ಎಂದರೆ ಹೌದು, ಬೇಡವಾ ಎಂದರೂ ಹೌದು, ಎಲ್ಲಿ ನೋಯುತ್ತಿದೆ ಎಂದರೂ ಹೌದು. ಹುಟ್ಟಿದಾಗಿನಿಂದ ನಮ್ಮ ಯಾರ ಮಾತಿಗೂ ಹೌದು ಎನ್ನದ ಮನುಷ್ಯ ಅವನು! ಅತ್ತಿಗೆ ಮೊದಲ ದಿನ ಇದನ್ನು ನೆನೆದು ನಕ್ಕುಬಿಟ್ಟರು, ಆಮೇಲೆ ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದರು. ಅಣ್ಣ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡ. ಬಂದವರಿಗೆ ಬೆನ್ನು ಮಾತ್ರ ಕಾಣಿಸುತ್ತಿತ್ತು.

ಹಾಗಿರುವಾಗ ಒಂದು ದಿನ ಪಕ್ಕದ ಮನೆಯ ರೇಡಿಯೋದಲ್ಲಿ ಯಾವುದೋ ಹಳೆಯ ಹಾಡು ಬಂತು. ಮೊದಲ ಸಾಲು ರೇಡಿಯೋ ಹಾಡಿತು, ಎರಡನೆಯ ಸಾಲನ್ನು ನಮ್ಮ ಅಣ್ಣ ಹಾಡಿದ, ಪದ ಪದವೂ ಬಿಡದೆ. ಅವನ ಮಾತಿನ ಚಿಕಿತ್ಸೆಗೆಂದು ಬರುತ್ತಿದ್ದ ಡಾಕ್ಟರಮ್ಮನಿಗೆ ನಾನು ಓಡೋಡಿ ಫೋನು ಮಾಡಿದಾಗ ಅವರು ನನ್ನಷ್ಟು ಆಶ್ಚರ್ಯಪಡಲಿಲ್ಲ. "ಮಾತಾಡೋ ದಾರಿ ಮುಚ್ಚಿಹೋಗಿದೆ, ಹಾಡೋ ದಾರಿ ತೆರೆದಿದೆ. ಅವರಿಗೆ ಬೇಕಾದ್ದನ್ನ ಸಣ್ಣ ಸಣ್ಣ ಹಾಡು ಮಾಡಿ, ನಿಧಾನವಾಗಿ, ತಾಳ ಹಾಕ್ಕೊಂಡು ಹಾಡಿಸಿ. ಆಮೇಲಾಮೇಲೆ ರಾಗ ತೆಗೆದುಬಿಡೋಣ" ಎಂದರು. ರಸ್ತೆ ಕಾಮಗಾರಿ ನಡೆಯುವಾಗ ಬಳಸು ದಾರಿಯಲ್ಲಿ ಕಾರು ಒಯ್ಯುವುದು ನನಗೆ ಹೊಸದಲ್ಲವಾದ್ದರಿಂದ ಆ ಮಾತು ಚೆನ್ನಾಗಿ ಅರ್ಥವಾಯಿತು. ತೊಡಕು ಒಂದೇ: ನನ್ನ ಗಂಟಲು ಒಂದು ಶ್ರುತಿಯಲ್ಲಿ ಹೊರಟು ಇನ್ನೊಂದು ಶ್ರುತಿಯಲ್ಲಿ ಇಳಿಯುವಂಥದ್ದು. ಅಣ್ಣ ಪಾಪ ನನ್ನ ಹಿಂದೆ ಬಂದು ದಾರಿ ತಪ್ಪುತ್ತಿದ್ದ. ಯಾರೂ ಬೆಲೆ ಕೂಗದೆ ಮಳಿಗೆಯಲ್ಲಿ ಉಳಿದುಹೋಗಿದ್ದ ಒಂದು ಗಿಟಾರನ್ನು ಅವನೇ ಎಂದೋ ತಂದು ಅಟ್ಟಕ್ಕೆ ಹಾಕಿದ್ದ. ಅದನ್ನು ಇಳಿಸಿ, ಧೂಳು ಹೊಡೆದು, ತಮ್ಮ ಪಾದಕ್ಕೆ ಬಿದ್ದೆ.

ಮೊದಲ ದಿನಗಳಲ್ಲಿ ತಾವು ನನ್ನ ಮೇಲೆ ಸುರಿಸಿದ ಪ್ರೀತಿಯನ್ನು ಮರೆಯಲಾರೆ. ಗಿಟಾರನ್ನು ಬರೀ ತೊಡೆಯ ಮೇಲೆ ಇಟ್ಟುಕೊಂಡದ್ದಕ್ಕೆ ಒಂದು ಪದಕ, ತಂತಿ ಮುಟ್ಟಿದ್ದಕ್ಕೆ ಇನ್ನೊಂದು. ನನ್ನ ಬೆರಳ ತುದಿಗಳು ಸುಟ್ಟುಕೊಂಡಂತೆ ಉರಿಯುತ್ತಿದ್ದರೆ ತಾವು ಪರದೆಯ ತುಂಬ ಬಣ್ಣದ ಕಾಗದದ ಚೂರುಗಳನ್ನು ಉದುರಿಸುತ್ತಿದ್ದಿರಿ. ಬಿಡದೆ ದಿನವೂ ನುಡಿಸಿದವರಿಗೆ ಉರಿಯುವ ಒಂದು ದೀಪ, ಒಂದು ದಿನ ತಪ್ಪಿದರೆ ಆರಿದ ದೀಪದ ಪಕ್ಕದಲ್ಲಿ ಅಳುವ ಮುಖ, ವಾರಕ್ಕೊಮ್ಮೆ ಮೇಲೇರುವ ಗೆರೆಯ ನಕ್ಷೆ! ನಮ್ಮ ಡ್ರೈವಿಂಗ್ ಶಾಲೆಯಲ್ಲಿ ಇಂಥ ಏರ್ಪಾಡು ಇದ್ದಿದ್ದರೆ, ಕಾರಿನ ಬಾಗಿಲು ತೆರೆದವರಿಗೆಲ್ಲ ಲೈಸೆನ್ಸು ಸಿಕ್ಕಿ, ಮಿಕ್ಕವರು ಹೆದರಿ ಮನೆ ಸೇರಿ, ರಸ್ತೆಗಳೇ ಖಾಲಿಯಾಗಿಬಿಡುತ್ತಿದ್ದವು.

ಹಲವು ತಂತಿಗಳನ್ನು ಒಟ್ಟಿಗೆ ಒತ್ತಿ ನುಡಿಸುವುದಕ್ಕೆ ಕಾರ್ಡ್ ಎನ್ನಬೇಕೆಂದು ತಾವೇ ಕಲಿಸಿದಿರಿ. ಎರಡು ಕಾರ್ಡ್ ಕೈಗೆ ಹತ್ತಿದ ಕೂಡಲೇ ನಾನು ಅಣ್ಣನ ಪಕ್ಕದಲ್ಲಿ ಕೂತೆ. ಮೊದಲ ಕಾರ್ಡಿಗೆ "ನೀರು", ಎರಡನೆಯದಕ್ಕೆ "ಬೇಕು". ಅಣ್ಣ ಎಡಗೈಯಿಂದ ಕುರ್ಚಿಯ ಕೈ ತಟ್ಟುತ್ತ, ಬಾಯಿಯನ್ನು ಹೇಗೆ ಹೇಗೋ ತಿರುಗಿಸುತ್ತ, ಹಲವು ದಿನ ಒದ್ದಾಡಿ, ಕೊನೆಗೊಂದು ಸಂಜೆ "ನೀ...ರು ಬೇ...ಕು" ಎಂದು ಹಾಡಿದ. ಅತ್ತಿಗೆ ಲೋಟದಲ್ಲಿ ನೀರು ತಂದು ಕೊಟ್ಟು, ಅವನು ಕುಡಿದು ಮುಗಿಸುವವರೆಗೂ ಅಲ್ಲೇ ನಿಂತರು. ಆಗ, ಮಾನ್ಯರೇ, ತಾವು ಟಿಣ್ ಎಂದಿರಿ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಹೀಗೆ ಬಂತು: "ಹಿನ್ನೆಲೆ ಗದ್ದಲ ಕೇಳಿಬರುತ್ತಿದೆ. ದಯವಿಟ್ಟು ಶಾಂತವಾದ ಸ್ಥಳಕ್ಕೆ ಹೋಗಿ ಅಭ್ಯಾಸ ಮಾಡಿ. ಇಂದಿನ ಪ್ರಗತಿ: ಇಲ್ಲ."

ತಮ್ಮ ಶ್ರವಣಶಕ್ತಿಯನ್ನು ನಾನು ಅನುಮಾನಿಸುವುದಿಲ್ಲ. ಮರುದಿನವೇ ಅದರ ಪರಿಚಯವೂ ಆಯಿತು. ತಮ್ಮನ್ನು ಮುಚ್ಚುವುದು ಮರೆತು ಮೊಬೈಲನ್ನು ಕಾರಿನ ಮುಂಭಾಗದಲ್ಲಿಟ್ಟು, ಬ್ಯಾಂಕಿನ ಮ್ಯಾನೇಜರೊಬ್ಬರಿಗೆ ಪಾಠ ಹೇಳುತ್ತಿದ್ದೆ. ಅವರು ಎಡಕ್ಕೆ ತಿರುಗಿದ ಮೇಲೂ ಇಂಡಿಕೇಟರ್ ಆರಿಸದೆ ಬಹಳ ದೂರ ಬಂದರು. ಟಿಕ್ ಟಿಕ್ ಎನ್ನುವ ಅದರ ಸದ್ದನ್ನು ತಾವು ಏಕಾಗ್ರತೆಯಿಂದ ಆಲಿಸಿ, "ಅದ್ಭುತ! ನಿಮ್ಮ ತಾಳ ನಿಖರವಾಗಿದೆ!" ಎಂದು ಚಿನ್ನದ ಪದಕ ಕೊಟ್ಟಿರಿ. "ಏನ್ ಮೇಡಂ ಅದು? ನಾನು ಪಾಸಾದ್ನಾ?" ಎಂದು ಮ್ಯಾನೇಜರು ಸ್ಟೇರಿಂಗ್ ಬಿಟ್ಟು ಮೊಬೈಲಿನ ಕಡೆ ಬಗ್ಗಿದರು. ನಾನು ನನ್ನ ಕಡೆಯ ಬ್ರೇಕನ್ನು ಅಷ್ಟು ಬಲವಾಗಿ ಎಂದೂ ತುಳಿದಿರಲಿಲ್ಲ. ಇಂದಿಗೂ ತಮ್ಮ ದಾಖಲೆಯಲ್ಲಿ ಅದೇ ನನ್ನ ಶ್ರೇಷ್ಠ ವಾದನ.

ಇಷ್ಟಾದರೂ ನಾನು ತಮ್ಮ ಮಾತಿಗೆ ಮರುಳಾದೆ ಎಂಬುದು ತಮ್ಮ ಮಹಿಮೆ. "ಕಳೆದ ವಾರಕ್ಕಿಂತ ನಿಮ್ಮ ವೇಗ ಕುಸಿದಿದೆ" ಎಂಬ ವರದಿ ಬಂದಾಗ, ಅಣ್ಣನ ನಾಲಗೆಗೆ ತಕ್ಕಂತೆ ನಿಧಾನವಾಗಿ ನುಡಿಸುತ್ತಿರುವುದರಿಂದಲೇ ಹಾಗಾಗಿದೆ ಎಂದು ಗೊತ್ತಿದ್ದೂ, ಇಳಿಯುತ್ತಿದ್ದ ಆ ಗೆರೆಯನ್ನು ನೋಡಿ ನನಗೆ ಅವಮಾನವಾಯಿತು. ನಿಲ್ಲಿಸಿದ ಕಾರಿನ ಹಿಂದಿನ ಸೀಟಿನಲ್ಲಿ ಗಾಜು ಏರಿಸಿಕೊಂಡು ಕೂತು, ಪಾಠ ಪಾಠದ ನಡುವೆ, ಬೆರಳು ಓಡಿಸಿದೆ. ಗೆರೆ ಮೇಲೇರಿತು, ದೀಪ ಉರಿಯಿತು. ಹೊಸ ವೇಗವನ್ನು ಹೊತ್ತುಕೊಂಡು ಹೆಮ್ಮೆಯಿಂದ ಅಣ್ಣನ ಎದುರು ಕೂತು ಬಾರಿಸತೊಡಗಿದೆ. ಅವನು "ನೀ" ಎನ್ನುವಷ್ಟರಲ್ಲಿ ನಾನು "ಬೇಕು" ದಾಟಿ, ಸುತ್ತಿ ಬಂದು, ಮತ್ತೆ "ನೀರು" ಹತ್ತಿರ ನಿಂತಿರುತ್ತಿದ್ದೆ. ಎರಡು ಮೂರು ದಿನ ಹಿಂದೆ ಹಿಂದೆ ಓಡಿದ, ಆಮೇಲೆ ಬಾಯಿ ತೆರೆಯುವುದನ್ನೇ ಬಿಟ್ಟ.

"ಈಗ ತುಂಬಾ ಚೆನ್ನಾಗಿ ನುಡಿಸ್ತೀಯ ಕಣೆ. ಆದರೆ ಅವರು ಹಾಡ್ತಾ ಇಲ್ಲ" ಎಂದರು ಅತ್ತಿಗೆ, ಬಟ್ಟೆ ಮಡಿಸುತ್ತ, ತಲೆ ಎತ್ತದೆ.

"ಅಭ್ಯಾಸ ಆಗ್ಬೇಕು ಅತ್ತಿಗೆ. ಸ್ವಲ್ಪ ದಿನ ಹೋದರೆ ಅವನೇ ಹಿಡ್ಕೋತಾನೆ" ಎಂದು ನಾನು ಬಾರಿಸುತ್ತಲೇ ಇದ್ದೆ. ಆಗ ಅಣ್ಣ ಎಡಗೈ ಚಾಚಿ ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟ. ಸದ್ದೆಲ್ಲ ನಿಂತಿತು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಮಳಿಗೆಯಲ್ಲಿ ಯಾರೂ ಬೆಲೆ ಕೂಗದ ಸಾಮಾನನ್ನು ಬದಿಗೆ ಸರಿಸುವಾಗ ಇರುತ್ತಿದ್ದ ಮುಖ ಅದು. ಈ ಸಲ ಅವನು ಬದಿಗೆ ಸರಿಸಿದ್ದು ತನ್ನನ್ನೇ ಎಂದು ನನಗೆ ಅರ್ಥವಾದಾಗ, ಗಿಟಾರನ್ನು ಗೋಡೆಗೆ ಒರಗಿಸಿಟ್ಟೆ.

ಅಂದಿನಿಂದ ನಾನು ಅವನ ವೇಗದಲ್ಲೇ ನುಡಿಸಿದೆ. ಅವನು ಒಂದು ಅಕ್ಷರ ಹುಡುಕುತ್ತಿದ್ದರೆ ಸಿಗುವವರೆಗೂ ಅದೇ ಕಾರ್ಡನ್ನು ಮೆಲ್ಲಗೆ ಮೀಟುತ್ತ ಕಾದೆ. ನಂಬಿಕೆ ಮರಳಿ ಅವನು ಮತ್ತೆ ಬಾಯಿ ತೆರೆಯಲು ಸುಮಾರು ದಿನ ಹಿಡಿಯಿತು. "ಕಿಟಕಿ ತೆಗಿ" ಬಂತು, "ಸೆಖೆ" ಬಂತು, ಅತ್ತಿಗೆಯನ್ನು ಕರೆಯುವ "ಬಾರೇ ಇಲ್ಲಿ" ಬಂತು. ಅದನ್ನು ಅವನು ಬೇಕಿಲ್ಲದಾಗಲೂ ಹಾಡಿ ಅವರನ್ನು ಓಡಾಡಿಸಿದ. ಇತ್ತ ತಮ್ಮ ಪರದೆಯಲ್ಲಿ ನನ್ನ ಗೆರೆ ಮೆಟ್ಟಿಲಿಳಿಯುವವರ ಹಾಗೆ ಇಳಿದು ನೆಲಮಾಳಿಗೆ ಸೇರಿತು. ತಾವು ಮೊದಲು ಹುರಿದುಂಬಿಸಿದಿರಿ, ಆಮೇಲೆ ಮರುಗಿದಿರಿ, ಕೊನೆಗೆ, "ಗಿಟಾರ್ ಎಲ್ಲರಿಗೂ ಅಲ್ಲ. ನಮ್ಮ ಚಿತ್ರಕಲೆ ಆ್ಯಪ್ ನೋಡಿದ್ದೀರಾ?" ಎಂದು ಕೇಳಿದಿರಿ. ಆ ಕಾಳಜಿಗೆ ನಾನು ಚಿರಋಣಿ.

ಈಗ ಕಳೆದ ಭಾನುವಾರದ ವಿಷಯ. ತಾವು ಎಷ್ಟೋ ದಿನದಿಂದ ಒತ್ತಾಯಿಸುತ್ತಿದ್ದ ಮೂರನೆಯ ಕಾರ್ಡನ್ನು, ತೋರುಬೆರಳನ್ನು ಎಲ್ಲ ತಂತಿಗಳ ಮೇಲೂ ಮಲಗಿಸಿ ಒತ್ತಬೇಕಾದ ಆ ಕ್ರೂರ ಕಾರ್ಡನ್ನು, ಕಲಿತೇಬಿಡೋಣವೆಂದು ತಮ್ಮನ್ನು ಎದುರಿಗಿಟ್ಟುಕೊಂಡು ಕೂತಿದ್ದೆ. ಹರಿದ ತಗಡಿನ ಮೇಲೆ ಯಾರೋ ಕಲ್ಲೆಸೆದಂಥ ಸದ್ದು ಮತ್ತೆ ಮತ್ತೆ ಬರುತ್ತಿತ್ತು. ಅಣ್ಣ ಪಕ್ಕದಲ್ಲೇ ಪತ್ರಿಕೆಯ ಚಿತ್ರ ನೋಡುತ್ತ ಕೂತಿದ್ದವನು ಒಮ್ಮೆ ಗದ್ದ ಉಜ್ಜಿಕೊಂಡ, ಒಮ್ಮೆ ಕಿವಿ ಮುಚ್ಚಿಕೊಂಡ, ಆಮೇಲೆ ಪತ್ರಿಕೆಯನ್ನು ಕೆಳಕ್ಕೆ ಹಾಕಿ, ರಾಗವಿಲ್ಲದೆ, ತಾಳವಿಲ್ಲದೆ, ಸಾದಾ ಸೀದಾ, "ಅಯ್ಯೋ, ಸಾಕು ನಿಲ್ಸೇ! ತಲೆನೋವು!" ಎಂದ.

ನನ್ನ ಕೈ ತಂತಿಯ ಮೇಲೇ ನಿಂತಿತು. ಅತ್ತಿಗೆ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಬಂದರು.

"ಯಾರು ಮಾತಾಡಿದ್ದು? ರೀ, ನೀವಾ? ಏನಂದ್ರಿ? ಇನ್ನೊಂದು ಸಲ ಅನ್ನಿ."

"ತಲೆನೋವು" ಎಂದ ಅಣ್ಣ, ನನ್ನ ಕಡೆ ಬೆರಳು ತೋರಿಸಿ. ಆಮೇಲೆ ತನ್ನ ಬಾಯಿಂದ ಏನು ಬಂತೆಂಬುದು ತನಗೇ ಹೊಳೆದು, ನಮ್ಮಿಬ್ಬರ ಮುಖವನ್ನೂ ನೋಡಿ, ನಗುತ್ತ ಅಳುತ್ತ, "ಇವಳು... ಇವಳು ತಲೆನೋವು!" ಎಂದು ವಾಕ್ಯ ಪೂರ್ತಿ ಮಾಡಿದ. ಅತ್ತಿಗೆ ಅವನ ಕುರ್ಚಿಯ ಪಕ್ಕ ನೆಲದಲ್ಲೇ ಕೂತು, "ಹೌದು ರೀ, ಹೌದು, ಇವಳು ದೊಡ್ಡ ತಲೆನೋವು" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. ನನ್ನ ಬಗ್ಗೆ ಈ ಮನೆಯಲ್ಲಿ ಇಷ್ಟು ಒಳ್ಳೆಯ ಮಾತು ಯಾರೂ ಆಡಿರಲಿಲ್ಲ. ತಾವೂ ಟಿಣ್ ಎಂದು ತಮ್ಮ ಅಭಿಪ್ರಾಯ ಸೇರಿಸಿದಿರಿ: ಹಿನ್ನೆಲೆ ಗದ್ದಲ.

ಆದ್ದರಿಂದ ತಮ್ಮಲ್ಲಿ ಕೆಲವು ಚಿಕ್ಕ ಕೋರಿಕೆಗಳು. ತಮ್ಮ ನಕ್ಷೆಯನ್ನು ತಲೆಕೆಳಗು ಮಾಡಿ ತೋರಿಸುವ ಒಂದು ಗುಂಡಿ ದಯಪಾಲಿಸಬೇಕು. ನಮ್ಮ ಮನೆಗೆ ಅದು ಹಾಗೆಯೇ ಸರಿಹೊಂದುತ್ತದೆ. ಕೇಳುವವರಿಗೆ ತಲೆನೋವು ತರಿಸಿ ಮಾತು ಬರಿಸಿದ ಸಾಧನೆಗೆ ಒಂದು ಪದಕ ಅಚ್ಚು ಹಾಕಿಸಬೇಕು, ಸಾಧ್ಯವಿದ್ದರೆ ಅದನ್ನು ಅಣ್ಣ ಎಡಗೈಯೊಂದರಿಂದಲೇ ತೊಟ್ಟುಕೊಳ್ಳುವಂತಿರಬೇಕು. ಇಷ್ಟು ದಿನ ಗದ್ದಲವೆಂದು ತಾವು ಅಳಿಸಿಹಾಕಿದ್ದನ್ನೆಲ್ಲ ಎಲ್ಲಾದರೂ ಉಳಿಸಿಕೊಂಡಿದ್ದರೆ, ನನ್ನ ವಾದನವನ್ನು ಅದರಿಂದ ತೆಗೆದು, ಗದ್ದಲವನ್ನಷ್ಟೇ ನಮಗೆ ಕಳಿಸಿಕೊಡಬೇಕು. ಇವು ಯಾವುವೂ ಆಗದಿದ್ದರೆ, ಬೆಳಗಿನ ಗಂಟೆಯನ್ನಾದರೂ ನಾನು ಹಲ್ಲುಜ್ಜಿದ ಮೇಲೆ ಬಾರಿಸಬೇಕಾಗಿ ಪ್ರಾರ್ಥನೆ.

ಭಾನುವಾರ ಅಣ್ಣನ ಅಪ್ಪಣೆಯಂತೆ ಗಿಟಾರನ್ನು ಅಲ್ಲಿಗೇ ಕೆಳಗಿಟ್ಟೆ. ತಮ್ಮ ದೀಪ ಆರಿತು, ಅಳುವ ಮುಖ ಬಂತು. ಅದನ್ನು ಅಣ್ಣನಿಗೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿ, ಸರಿಯಾದ ಪದಕ್ಕಾಗಿ ತಡಕಾಡಿ, ಸಿಗದೆ, ಕೊನೆಗೆ ಮೊಬೈಲನ್ನು ಬೋರಲು ಹಾಕಿದ. ಇಂಥ ದಿನಗಳೇ ಇನ್ನೂ ಹೆಚ್ಚು. ಬೆಳಗ್ಗೆ ಸಿಕ್ಕ ಪದ ಸಂಜೆಗೆ ಇರುವುದಿಲ್ಲ. ಮರುದಿನ ನಾವು ಮತ್ತೆ ಎರಡು ಕಾರ್ಡಿನಿಂದ ಶುರು ಮಾಡಿದೆವು.

ಇಂತಿ, ತಮ್ಮ ಲೆಕ್ಕದಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗದ, ಹೋಗುವ ಅವಸರವೂ ಇಲ್ಲದ,
ತಮ್ಮ ವಿಶ್ವಾಸಿ,
ಡ್ರೈವಿಂಗ್ ಟೀಚರು ಉರುಫ್ ತಲೆನೋವು

ಮರೆತ ಮಾತು: ನನ್ನ ಚಂದಾ ಅವಧಿ ಈ ವಾರ ಮುಗಿಯುತ್ತದೆಂದು ಜ್ಞಾಪಿಸಿದ್ದೀರಿ, ವಂದನೆಗಳು. ನವೀಕರಿಸಲೋ ಬೇಡವೋ ಎಂದು ಅಣ್ಣನನ್ನು ಕೇಳಿದೆ. ತಮ್ಮ ಬಗ್ಗೆ ಅವನು ಒಂದೇ ಉಸಿರಿನಲ್ಲಿ ಮೂರು ಹೊಸ ಪದಗಳನ್ನು ಆಡಿದ. ಮೂರನ್ನೂ ಇಲ್ಲಿ ಬರೆಯುವಂತಿಲ್ಲ, ಅತ್ತಿಗೆ ಬಿಡುವುದಿಲ್ಲ. ಆದರೆ ಉಚ್ಚಾರಣೆ ಬಹಳ ಸ್ಪಷ್ಟವಾಗಿತ್ತೆಂದು ಡಾಕ್ಟರಮ್ಮ ಮೆಚ್ಚಿಕೊಂಡಿದ್ದಾರೆ.